ಗುಂಯ್ ಮಾವನ ಆಲ್ಬಂ

ನಮ್ಮ ಸೋದರಮಾವ ಒಂದು ಮ್ಯೂಸಿಕ್ ಆಲ್ಬಂ ಮಾಡಿದ್ದಾರೆ. ಮೊನ್ನೆ ಮೊನ್ನೆಯವರೆಗೂ ಅದನ್ನು ಕೊನೆತನಕ ಕೇಳಿದವರು ನಮ್ಮ ವಂಶದಲ್ಲಿ ಒಬ್ಬರೂ ಇರಲಿಲ್ಲ. ಹೆತ್ತ ಮಗಳು ಕೇಳಿರಲಿಲ್ಲ, ಅಳಿಯ ಕೇಳಿರಲಿಲ್ಲ. ಬೀಗರು ಮರ್ಯಾದೆಗೆಂದು ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಅವರಿಗೂ ಹಸುವಿನ ಹಾಲು ಕರೆಯುವ ಹೊತ್ತಾಯಿತೆಂದು ನೆನಪಾಯಿತು. ಅವರ ಮನೆಯಲ್ಲಿ ಹಸುವೇ ಇಲ್ಲ!

ಅಷ್ಟು ಕೆಟ್ಟದಾಗಿದೆಯೇ ಎಂದು ನೀವು ಕೇಳಬಹುದು. ಕೆಟ್ಟದಾಗಿದೆ ಎನ್ನಲಾದರೂ ಅದರಲ್ಲಿ ಏನಾದರೂ ಇರಬೇಡವೇ ಸ್ವಾಮಿ? ಹಾಡಿಲ್ಲ. ಹಾಡುವವರಿಲ್ಲ. ತಬಲವಿಲ್ಲ, ತಾಳವಿಲ್ಲ. ಹಾಕಿದ ಕೂಡಲೇ "ಗುಂಯ್..." ಎಂದು ಒಂದು ಸದ್ದು ಶುರುವಾಗುತ್ತದೆ. ಈಗ ಹಾಡು ಬರುತ್ತದೆ, ಇಗೋ ಬಂತು ಎಂದು ನಾವು ಕಾಯುತ್ತೇವೆ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದೇ ಗುಂಯ್. ಮೊದಲಿಗಿಂತ ಸ್ವಲ್ಪ ದಪ್ಪಗಾಗಿರುತ್ತದೆ, ಅಷ್ಟೇ. ಹಾಗಾಗಿ ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಅವರಿಗೆ ಅಪ್ಪ ಅಮ್ಮ ಇಟ್ಟ ದೇವರ ಹೆಸರು ಎಲ್ಲರಿಗೂ ಮರೆತುಹೋಗಿ, ಗುಂಯ್ ಮಾವ ಎಂಬುದೇ ಉಳಿದುಕೊಂಡಿದೆ. ನಾನು ಅರಿಶಿನಕುಂಟೆಯಿಂದ ಬಂದು ಬಸ್ಸಿಳಿದರೆ ಹೂವಿನಂಗಡಿಯಾಕೆ "ಏನಮ್ಮಾ, ಗುಂಯ್ ಮಾವನ ಮನೆಗಾ?" ಎಂದೇ ಮಾತಾಡಿಸುತ್ತಾಳೆ.

ಮಾವನ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳಿದ್ದವು. ವರ್ಷವೆಲ್ಲ ರೇಷ್ಮೆ ಸೀರೆ, ಗಣೇಶನ ಹಬ್ಬ ಬಂತೆಂದರೆ ಆರ್ಕೆಸ್ಟ್ರಾ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲಿ ಪೆಂಡಾಲ್ ಹಾಕಿದರೂ ಕೀಬೋರ್ಡ್ ನಮ್ಮ ಮಾವನದೇ. ವಿಚಿತ್ರವೆಂದರೆ ಅವರಿಗೆ ಹಾಡುಗಳೆಂದರೆ ಅಷ್ಟಕ್ಕಷ್ಟೇ. ಕಾರ್ಯಕ್ರಮಕ್ಕೆ ಮುಂಚೆ ಒಬ್ಬ "ಹಲೋ, ಮೈಕ್ ಟೆಸ್ಟಿಂಗ್" ಎಂದು ಅರಚುತ್ತಿರುವಾಗ ಕೀಬೋರ್ಡಿನವರು ಶ್ರುತಿಗೆಂದು ಒಂದೇ ಸ್ವರವನ್ನು ಒತ್ತಿ ಹಿಡಿದಿರುತ್ತಾರಲ್ಲ, ಅದು ಮಾವನಿಗೆ ಪ್ರಾಣ.

"ಅದೇ ಕಣಮ್ಮ ಸಂಗೀತ. ಆಮೇಲೆ ಹಾಡೋರು ಬಂದು ಎಲ್ಲಾ ಹಾಳು ಮಾಡ್ಬಿಡ್ತಾರೆ" ಎನ್ನುತ್ತಿದ್ದರು.

ಇಂಥವರನ್ನು ಆರ್ಕೆಸ್ಟ್ರಾದವರು ಎಷ್ಟು ಕಾಲ ಇಟ್ಟುಕೊಂಡಾರು? ಅದೂ ಬಿಟ್ಟಿತು, ಮಗ್ಗಗಳನ್ನೂ ಕೊಟ್ಟಾಯಿತು. ಖಾಲಿಯಾದ ಮಗ್ಗದ ಕೋಣೆಯಲ್ಲಿ ಎರಡು ಸಿಂಥಸೈಜರ್‌ಗಳು, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಪೆಟ್ಟಿಗೆಗಳು, ಬಂದು ಕೂತವು. ಒಂದು ಆರ್ಕೆಸ್ಟ್ರಾ ಕಾಲದ ಹಳೆಯದು, ಎತ್ತಲು ಇಬ್ಬರು ಬೇಕು. ಇನ್ನೊಂದು ಮಾವ ತಾವೇ ಹಳೇ ರೇಡಿಯೋಗಳ ಸಾಮಾನು ಜೋಡಿಸಿ ಮಾಡಿಕೊಂಡದ್ದು. ಅದರಲ್ಲಿ ಒತ್ತುವ ಕೀಲಿಗಳೇ ಇಲ್ಲ, ಬರೀ ತಿರುಗಿಸುವ ನಾಬ್‌ಗಳು. ಎರಡಕ್ಕೂ ನಡುವೆ ಒಂದು ವೈರು. "ಕಂಪ್ಯೂಟರ್ ಅಲ್ಲ, ಡಿಜಿಟಲ್ ಅಲ್ಲ, ಅನಲಾಗ್!" ಎಂದು ಮಾವ ಹೇಳುವ ಧಾಟಿ ಹೇಗಿರುತ್ತಿತ್ತೆಂದರೆ, ಇದು ನಾಟಿ ಹಸುವಿನ ಹಾಲು ಎಂದು ಕೆಲವರು ಹೇಳುತ್ತಾರಲ್ಲ, ಹಾಗೆ.

ಈ ಅನಲಾಗಿನ ಗುಣವೇನೆಂದರೆ ಮೈ ಬಿಸಿಯಾದರೆ ಅದರ ಶ್ರುತಿ ಜಾರುತ್ತದೆ. ಆದ್ದರಿಂದ ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನು ಸಿಂಥಸೈಜರಿಗೆ ಮೀಸಲು. ಬೇಸಿಗೆಯಲ್ಲಿ ನೆಂಟರು ಸೆರಗಿನಿಂದ, ಟವೆಲಿನಿಂದ, ಕೊನೆಗೆ ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರೆ, ಫ್ಯಾನು ಮಗ್ಗದ ಕೋಣೆಯಲ್ಲಿ ಆ ಪೆಟ್ಟಿಗೆಯ ಉಪಚಾರದಲ್ಲಿರುತ್ತಿತ್ತು.

ಒಂದು ಸಲ ಅತ್ತೆ ನನ್ನೆದುರಿಗೇ ದೂರು ಹೇಳಿದರು: "ನಂಗೆ ಜ್ವರ ಬಂದು ಮಲ್ಗಿದ್ರೂ ಈ ಫ್ಯಾನು ನನ್ ಕಡೆ ತಿರುಗ್ಲಿಲ್ಲ ನೋಡು."

ಒಳಗಿನಿಂದ ಮಾವನ ಉತ್ತರ ಬಂತು: "ಜ್ವರ ಬಂದ್ರೆ ನಿನ್ ಶ್ರುತಿ ಜಾರಲ್ಲ ಕಣೇ, ಇನ್ನೂ ಏರುತ್ತೆ!"

ಅತ್ತೆ ನಕ್ಕಿದ್ದರು. ಅವರು ನಗುವಾಗ ಮೊದಲು ಭುಜ ನಗುತ್ತಿತ್ತು, ಆಮೇಲೆ ಬಾಯಿ. ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಅವರು ತೀರಿಕೊಂಡರು. ಆ ಮನೆಯ ಬಾಗಿಲು ದಾಟಿದ ಕೂಡಲೇ "ಕೈಕಾಲು ತೊಳ್ಕೊ, ತಟ್ಟೆ ಹಾಕ್ತೀನಿ" ಎಂಬ ಮಾತು ಈಗ ಕೇಳುವುದಿಲ್ಲ. ನನಗೆ ಅದಿಲ್ಲದೆ ಹಸಿವೇ ಆಗುವುದಿಲ್ಲ.

ಅತ್ತೆಯ ಮಾತು ಯಾಕೆ ಬಂತೆಂದರೆ, ಆ ಆಲ್ಬಂ ಮಾವನೊಬ್ಬರದೇ ಅಲ್ಲ. ಮೇಲೆ ಅಂಟಿಸಿದ ಚೀಟಿಯಲ್ಲಿ ನುಡಿಸಿದವರು ಎಂದು ಇಬ್ಬರ ಹೆಸರಿದೆ, ಅದರಲ್ಲಿ ಅತ್ತೆಯದೇ ಮೊದಲು. ಸಂಗೀತದ ಗಂಧಗಾಳಿ ಇಲ್ಲದ ಅತ್ತೆ ನುಡಿಸಿದ್ದೇನು? ಒಂದು ಸ್ವರ! ಮಾವನ ಎರಡೂ ಕೈ ನಾಬ್‌ಗಳ ಮೇಲಿರುತ್ತಿದ್ದರಿಂದ ದೊಡ್ಡ ಸಿಂಥಸೈಜರಿನ ಒಂದು ಕೀಲಿಯನ್ನು ಯಾರಾದರೂ ಒತ್ತಿ ಹಿಡಿಯಬೇಕಿತ್ತು. ಅತ್ತೆ ನನಗೆ ಕೆಲಸವಿದೆ ಎಂದರು. "ಎಡಗೈ ಸಾಕು ಕಣೇ, ಬಲಗೈಲಿ ನಿನ್ ಕೆಲ್ಸ ನೀನ್ ಮಾಡ್ಕೊ" ಎಂದು ಮಾವ ಕೂರಿಸಿಕೊಂಡರಂತೆ. ಈ ಭಾಗ್ಯಕ್ಕೆ ಕೀಲಿಯ ಮೇಲೊಂದು ಕಲ್ಲಿಟ್ಟಿದ್ದರೆ ಸಾಲುತ್ತಿರಲಿಲ್ಲವೇ ಎಂದು ನಾನು ಕೇಳಿದ್ದೆ.

"ಕಲ್ಲಿಗೆ ಬೆರಳು ಬದಲಾಯ್ಸೋಕೆ ಬರುತ್ತಾ? ಇವಳು ನಡುನಡುವೆ ಬೆರಳು ಬದಲಾಯಿಸ್ತಾಳೆ, ಅಲ್ಲಿ ಸ್ವರ ಒಂಚೂರು ಅಲುಗುತ್ತೆ, ಮತ್ತೆ ನಿಲ್ಲುತ್ತೆ. ಇವಳದು ಹಾಸು, ನಂದು ಹೊಕ್ಕು. ಹಾಸಿಲ್ದೆ ಸೀರೆ ನೇಯ್ತಾರೇನಮ್ಮಾ?" ಎಂದರು ಮಾವ. ಮಗ್ಗದವರ ಹತ್ತಿರ ವಾದ ಮಾಡಬಾರದು, ಎಲ್ಲಿಂದ ಹೊರಟರೂ ಸೀರೆಗೇ ಬಂದು ನಿಲ್ಲುತ್ತಾರೆ.

ರೆಕಾರ್ಡಿಂಗ್ ಮಾಡಿದ ರೀತಿಯೂ ಹಾಗೆಯೇ. ಬುದ್ಧಿ ಇರುವವರು ಸಿಂಥಸೈಜರಿನಿಂದ ವೈರೆಳೆದು ನೇರ ರೆಕಾರ್ಡ್ ಮಾಡುತ್ತಾರಂತೆ. ಮಾವ ಸ್ಪೀಕರಿನ ಮುಂದೆ ಒಂದು ಮೈಕು ನಿಲ್ಲಿಸಿ ಬಾಗಿಲು ತೆರೆದಿಟ್ಟರು. ಕಿವಿಗೊಟ್ಟು ಕೇಳಿದರೆ ಪಕ್ಕದ ಮನೆಯ ಮಗ್ಗದ ಲಾಳಿ ಓಡಾಡುವುದೂ ಅದರಲ್ಲಿದೆ. ಅದೇನೋ ಟಪ್, ಟಪ್ ಎಂದು ಹನಿ ಬಿದ್ದಂಥ ಸದ್ದೂ ಇದೆ. ಆದರೆ ಕಿವಿಗೊಡುವವರು ಯಾರು?

ಕೇಳುವವರಿಲ್ಲ ಎಂದು ಸುಮ್ಮನಿರುವ ಜಾತಿಯಲ್ಲ ನಮ್ಮ ಮಾವ. ಮಗಳು ಪುಟ್ಟಿ ಹೊಸಕೋಟೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ, ತಾಂಬೂಲದ ಚೀಲದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ಜೊತೆಗೆ ಒಂದೊಂದು ಪೆನ್‌ಡ್ರೈವ್ ಹಾಕಿಸಿಬಿಟ್ಟರು! ಬಾಗಿಲಲ್ಲಿ ನಿಂತು ಚೀಲ ಕೊಡುತ್ತಿದ್ದವರು ಅತ್ತೆ. ಬಂದವರಿಗೆಲ್ಲ ಪಿಸುಮಾತಿನಲ್ಲಿ ಹೇಳುತ್ತಿದ್ದರು: "ಅದನ್ನ ಕೇಳ್ದಿದ್ರೂ ಪರ್ವಾಗಿಲ್ಲ ಕಣಮ್ಮ, ಕಾಯಿ ಮಾತ್ರ ಒಳ್ಳೇದಿದೆ."

ಸಮೇತನಹಳ್ಳಿಯ ನಮ್ಮ ಭಾವ ಪಾಪ ಈ ಮಾತು ಕೇಳಿಸಿಕೊಳ್ಳದೆ ಹೊರಟವರು. ದಾರಿಯಲ್ಲಿ ಹೆಂಡತಿ ಆ ಪೆನ್‌ಡ್ರೈವನ್ನು ಹೊಸ ಕಾರಿಗೆ ಸಿಕ್ಕಿಸಿ ನಿದ್ದೆ ಹೋದದ್ದು ಅವರಿಗೆ ಗೊತ್ತೇ ಇಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಗುಂಯ್ ಎನ್ನತೊಡಗಿತು. ಭಾವ ಗೇರು ಬದಲಾಯಿಸಿದರು, ಗುಂಯ್. ಎ.ಸಿ. ಆರಿಸಿದರು, ಗುಂಯ್. ಬೆವರು ಬಂದು, ಕಂಡ ಮೊದಲ ಗ್ಯಾರೇಜಿಗೆ ಕಾರು ನುಗ್ಗಿಸಿದರು. ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಯಿಟ್ಟು ಕೇಳಿ, "ಬೇರಿಂಗ್ ಹೋಗಿದೆ ಅಣ್ಣ, ಇಂಜಿನ್ ಆಫ್ ಮಾಡಿ" ಎಂದನಂತೆ. ಆಫ್ ಮಾಡಿದರು. ಸದ್ದು ನಿಲ್ಲಲಿಲ್ಲ! ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು, "ನನ್ ಸರ್ವೀಸಲ್ಲೇ ಹಿಂಗ್ ನೋಡಿಲ್ಲ ಗುರುವೇ, ಒಂದ್ಸಲ ನಿಂಬೆಹಣ್ಣು ಇಳಿಸಿ ತೆಗೀರಿ" ಎಂದನಂತೆ.

ನಿಜ ಗೊತ್ತಾದ ಮೇಲೆ ಭಾವ ಮಾವನಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದರು. ಮಾವ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು:

"ಕೊನೇವರ್ಗೂ ಕೇಳ್ದ್ರಾ?"

ಇದೇ ಪ್ರಶ್ನೆ ಎಲ್ಲರಿಗೂ. ಹೊಗಳಬೇಕಾಗಿಲ್ಲ, ಅರ್ಥವಾಗಬೇಕಾಗಿಲ್ಲ. ಒಬ್ಬರು, ಯಾರಾದರೂ ಒಬ್ಬರು, ಕೊನೆಯವರೆಗೂ ಕೂತಿರಬೇಕು. ಮಾವನಿಗೆ ಬೇಕಾಗಿದ್ದದ್ದು ಅಷ್ಟೇ.

ಒಮ್ಮೆ ಮಾತ್ರ ಜನ ಗುಂಪುಗುಂಪಾಗಿ ಬಂದರು, ಅದನ್ನೂ ಹೇಳಿಬಿಡುತ್ತೇನೆ. ಮಧ್ಯಾಹ್ನ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಿಂತರೆ ತೊಟ್ಟಿಲ ಮಗು ಎದ್ದು ಅಳುತ್ತದೆ, ಆ ಸದ್ದಿಲ್ಲದೆ ಅಲ್ಲಿ ಯಾರಿಗೂ ಒಗ್ಗುವುದಿಲ್ಲ. ನೇಯುವವರೆಲ್ಲ ಜಗಲಿಯ ಮೇಲೆ ಟೀ ಕುಡಿಯುತ್ತಾ ಕೂತಿದ್ದರು. ಮಾವನ ಮನೆಯಲ್ಲಿ ಯು.ಪಿ.ಎಸ್. ಇತ್ತು. ಬೀದಿ ತಣ್ಣಗಿದೆ, ಇದೇ ಸಮಯ ಎಂದು ಆಲ್ಬಂ ಹಾಕಿದರು. ಮಗ್ಗದ ಮೋಟಾರು ಓಡಲು ಶುರುವಾಗುವಾಗ ಒಂದು ಗುಂಯ್ ಬರುತ್ತದೆ, ಥೇಟ್ ಅದೇ ಸದ್ದು! "ಲೇ, ಕರೆಂಟ್ ಬಂತು ಕಣ್ರೋ!" ಎಂದು ಟೀ ಲೋಟ ಅಲ್ಲಲ್ಲೇ ಬಿಟ್ಟು ಎಲ್ಲರೂ ಓಡಿ ಸ್ವಿಚ್ಚು ಹಾಕಿದ್ದೇ ಹಾಕಿದ್ದು. ಮಗ್ಗ ಮಿಸುಕಲಿಲ್ಲ. ಗುಂಯ್ ಮಾವನ ಮನೆಗೆ ಮಾತ್ರ ಕರೆಂಟು ಹೇಗೆ ಬಂತು? ಕಂಬದಿಂದ ಬೇರೆ ಲೈನು ಎಳೆದುಕೊಂಡಿದ್ದಾರೆಯೇ? ಲೈನ್‌ಮನ್ನನ್ನು ಮುಂದಿಟ್ಟುಕೊಂಡು ಬೀದಿಗೆ ಬೀದಿಯೇ ಮಗ್ಗದ ಕೋಣೆಗೆ ನುಗ್ಗಿತು. ನೋಡಿದರೆ, ಮಾವ ಕಣ್ಣು ಮುಚ್ಚಿ ಕೂತಿದ್ದಾರೆ!

ಸದ್ದಾಯಿತೆಂದು ಕಣ್ಣು ಬಿಟ್ಟವರು ಜನವನ್ನು ಕಂಡು ಪುಳಕಿತರಾಗಿ, "ಬನ್ನಿ ಬನ್ನಿ, ಕೂತ್ಕೊಳ್ಳಿ. ಲೇ, ಚಾಪೆ ತಗೊಂಡ್ಬಾರೇ!" ಎಂದು ಅತ್ತೆಯನ್ನು ಕೂಗಿದರು. ಅತ್ತೆ ಚಾಪೆ ತರುವಷ್ಟರಲ್ಲಿ ಅಲ್ಲಿ ಲೈನ್‌ಮನ್ ಒಬ್ಬನೇ ಉಳಿದಿದ್ದ, ಅದೂ ಅವನ ಚಪ್ಪಲಿ ಸಿಕ್ಕದ ಕಾರಣ.

ಅತ್ತೆ ಹೋದ ಮೇಲೆ ಈ ನಗು ಯಾರಿಗೂ ಉಳಿಯಲಿಲ್ಲ. ಮಾವ ದಿನಾ ಸಂಜೆ ದೀಪ ಹಚ್ಚಿ, ಮಗ್ಗದ ಕೋಣೆಗೆ ಹೋಗಿ, ಮೊದಲಿನಿಂದ ಕೊನೆಯವರೆಗೆ ಆಲ್ಬಂ ಕೇಳುತ್ತಿದ್ದರು. ಫ್ಯಾನು ಈಗಲೂ ಸಿಂಥಸೈಜರಿನ ಕಡೆಗೇ ಮುಖ ಮಾಡಿಕೊಂಡಿತ್ತು, ಆದರೆ ಮಾವ ಸಿಂಥಸೈಜರ್ ಮುಟ್ಟುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಕೇಳುತ್ತಿದ್ದರು: "ಇವತ್ತು ಕೂತ್ಕೋತೀಯಾ?" ನನಗೋ ಬಸ್ಸಿನ ಚಿಂತೆ. ಪುಟ್ಟಿಯಂತೂ ಅದು ಶುರುವಾದ ಕೂಡಲೇ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು.

"ಅಪ್ಪ ಆ ಸದ್ದಲ್ಲೇ ಕೊರಗಿ ಕೊರಗಿ ಹೋಗ್ಬಿಡ್ತಾರೆ ಅತ್ತಿಗೆ. ಅವರನ್ನ ನಮ್ಮನೇಗೆ ಕರ್ಕೊಂಡು ಹೋಗ್ತೀನಿ. ಆ ಪೆಟ್ಟಿಗೆಗಳು ಮಾತ್ರ ಬೇಡ" ಎಂದು ನನ್ನೊಡನೆ ಹೇಳಿ ಅತ್ತಳು.

ಅಳಿಯ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿರುವವರು, ಒಳ್ಳೆಯ ಮನುಷ್ಯ. ಮಾವನಿಗೆ ಸಮಾಧಾನವಾಗಲೆಂದು ಸೌಂಡ್ ಕೆಲಸ ಗೊತ್ತಿರುವ ಸ್ನೇಹಿತನೊಬ್ಬನನ್ನು ಕರೆತಂದರು. ಅವನು ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಕೇಳಿ, "ಅಂಕಲ್, ಇದಕ್ಕೆ ಆಂಬಿಯೆಂಟ್ ಅಂತಾರೆ, ಫಾರಿನ್ನಲ್ಲಿ ಇದನ್ನ ಕೇಳೋರಿದ್ದಾರೆ" ಎಂದ. ಮಾವನ ಮುಖ ಅರಳಿತು. "ಒಂದೇ ತೊಂದ್ರೆ. ಇದರಲ್ಲಿ ಟಪ್ ಟಪ್ ಅಂತ ಏನೋ ನಾಯ್ಸ್ ಇದೆ, ಹಿಂದೆ ಯಾರೋ ಓಡಾಡೋ ಸದ್ದಿದೆ. ಅದನ್ನೆಲ್ಲ ತೆಗ್ದು ಕ್ಲೀನ್ ಮಾಡ್ಕೊಡ್ತೀನಿ" ಎಂದ. ಮಾವ ಎದ್ದು ನಿಂತರು. ಮೂಲೆಯಲ್ಲಿ ಯಾರದೋ ಊರುಗೋಲಿತ್ತು, ಕೈಗೆ ಅದೇ ಬಂತು. ಹುಡುಗ ಹೆಡ್‌ಫೋನ್ ಸಮೇತ ಬೀದಿ ಸೇರಿದ. ಇಷ್ಟು ಸಣ್ಣ ಮಾತಿಗೆ ಅಷ್ಟು ಸಿಟ್ಟು ಯಾಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಈ ಸಲ ಅವರೆಕಾಯಿ ಬರುವ ಹೊತ್ತಿಗೆ ಅತ್ತೆಯ ವರ್ಷದ ತಿಥಿ ಬಂತು. ಊಟ ಮುಗಿಸಿಕೊಂಡು ನೆಂಟರೆಲ್ಲ ಹೊರಟರು. ನಾನೂ ಪುಟ್ಟಿಯೂ ಉಳಿದೆವು. ಬೆಳಗಾದರೆ ಮಾವನನ್ನು ಹೊಸಕೋಟೆಗೆ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಮಾವ ಹೂಂ ಎಂದೂ ಅಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ.

ಸಂಜೆ ಪುಟ್ಟಿ ಮಧ್ಯಾಹ್ನದ ಸಾರನ್ನು ಮತ್ತೆ ಕುದಿಯಲು ಒಲೆಯ ಮೇಲಿಟ್ಟು, ನನ್ನ ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆಯನ್ನೂ ಒಂದು ಖಾಲಿ ಸ್ಟೀಲ್ ಬೇಸಿನ್ನನ್ನೂ ತಂದಿಟ್ಟಳು. "ಅತ್ತಿಗೆ, ಇದಿಷ್ಟು ಹಿತುಕಿಬಿಡಿ, ನಾಳೆಗಾಗುತ್ತೆ" ಎಂದಳು. ಹಿತುಕಿದ ಬೇಳೆಯ ಸಾರು ತಿನ್ನಲು ಸುಖ, ಹಿತುಕುವುದು ಶಿಕ್ಷೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಪಾತ್ರೆಗೆ ಬೀಳಬೇಕು. ಒಂದೊಂದೇ ಕಾಳು! ಒಮ್ಮೆ ಕೂತರೆ ಮುಗಿಯುವವರೆಗೂ ಏಳುವ ಹಾಗಿಲ್ಲ.

ಇದು ಮಾವನಿಗೆ ಗೊತ್ತಾಗದೆ ಇರುತ್ತದೆಯೇ? ಬಾಗಿಲಲ್ಲಿ ಬಂದು ನಿಂತರು.

"ಹೆಂಗೂ ಕೂತ್ಕೊಂಡಿದ್ದೀಯಲ್ಲಮ್ಮ..."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಪಾತ್ರೆಗಳನ್ನು ಎತ್ತಿಕೊಂಡು ಮಗ್ಗದ ಕೋಣೆಗೆ ಹೋಗಿ ಕೂತೆ. ಮಾವ ಆಲ್ಬಂ ಹಾಕಿ ಗೋಡೆಗೊರಗಿ ಕಣ್ಣು ಮುಚ್ಚಿದರು. ಗುಂಯ್ ಶುರುವಾಯಿತು. ಪಕ್ಕದ ಗೋಡೆಯಾಚೆಯ ಅಡುಗೆಮನೆಯಲ್ಲಿ ಪುಟ್ಟಿ ಬೇಕೆಂದೇ ಪಾತ್ರೆ ಸದ್ದು ಮಾಡಿದಳು. ನಾನು ಕಾಳು ಹಿತುಕುತ್ತಾ ಹೋದೆ. ಟಪ್. ಟಪ್. ಸ್ವಲ್ಪ ಹೊತ್ತಿಗೆ ಆ ಗುಂಯ್ ಕಿವಿಗೆ ಒಗ್ಗಿತು. ಅದು ಒಂದೇ ಸದ್ದಲ್ಲ ಎಂದೂ ತಿಳಿಯಿತು. ಅಡಿಯಲ್ಲಿ ಒಂದು ಸ್ವರ ಕದಲದೆ ಕೂತಿದೆ, ಅದರ ಮೇಲೆ ಇನ್ನೊಂದು ಏಳುತ್ತದೆ, ಇಳಿಯುತ್ತದೆ, ಬಣ್ಣ ಬದಲಾಯಿಸುತ್ತದೆ. ಒಂದು ಕಡೆ ಅಡಿಯ ಸ್ವರ ಚೂರು ಅಲುಗಿ ಮತ್ತೆ ನಿಂತಿತು. ಅತ್ತೆ ಬೆರಳು ಬದಲಾಯಿಸಿದರು ಎಂದುಕೊಂಡೆ. ಹಾಗೆಂದುಕೊಂಡದ್ದೇ ತಡ, ನನ್ನ ಕೈ ತಾನಾಗಿ ನಿಂತಿತು.

ನನ್ನ ಕೈ ನಿಂತಿತು, ಟಪ್ ಟಪ್ ಸದ್ದು ನಿಲ್ಲಲಿಲ್ಲ.

ಸ್ಪೀಕರಿನಿಂದ ಬರುತ್ತಿತ್ತು. ಸ್ಟೀಲ್ ಬೇಸಿನ್ನಿಗೆ ಅವರೆಬೇಳೆ ಬೀಳುವ ಸದ್ದು. ಒಂದಾದ ಮೇಲೊಂದು, ಅವಸರವಿಲ್ಲದೆ. ಎಡಗೈಯಲ್ಲಿ ಸ್ವರ ಒತ್ತಿಕೊಂಡು ಬಲಗೈಯಲ್ಲಿ ಅತ್ತೆ ಮಾಡಿಕೊಂಡ ಕೆಲಸ ಅದು. ನಾನು ಮಾವನ ಕಡೆ ನೋಡಿದೆ. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಮೊದ್ಲೇ ಹೇಳ್ಬಾರ್ದಿತ್ತಾ ಮಾವ? ಎಲ್ರೂ ಬಂದು ಕೇಳ್ತಿದ್ರಲ್ಲ!" ಎಂದೆ.

"ಹೇಳಿದ್ರೆ ಬಂದು, ಅದೊಂದ್ ಕೇಳ್ಕೊಂಡು ಎದ್ದೋಗ್ತಿದ್ರಿ. ಅವಳು ಅಷ್ಟೊತ್ತು ನನ್ ಜೊತೆ ಕೂತಿದ್ಲು ಕಣಮ್ಮ. ಅವಳ ಜೊತೆ ಒಬ್ರಾದ್ರೂ ಅಷ್ಟೊತ್ತು ಕೂತ್ಕೊಳ್ಳಿ ಅಂತ ಆಸೆ ನಂಗೆ" ಎಂದರು ಮಾವ. ಆಮೇಲೆ ಕೈ ಎತ್ತಿ, "ಶ್, ಇನ್ನೂ ಇದೆ" ಎಂದರು.

ನಾನು ಮತ್ತೆ ಹಿತುಕತೊಡಗಿದೆ. ಹೊರಗೆ ಮಗ್ಗಗಳ ಸದ್ದು, ಆಲ್ಬಮ್ಮಿನೊಳಗೂ ಮಗ್ಗಗಳ ಸದ್ದು. ಬೇಸಿನ್ ಮುಕ್ಕಾಲು ತುಂಬಿತ್ತು. ಆಗ ಸ್ವರದ ನಡುವಿನಿಂದ ಅತ್ತೆಯ ದನಿ ಬಂತು, ಪಕ್ಕದಲ್ಲೇ ಕೂತಿರುವಷ್ಟು ಹತ್ತಿರದಿಂದ:

"ಸಾಕೇನ್ರೀ? ಬೆರಳು ಜೋಮು ಹಿಡೀತು."

"ಇನ್ನೊಂಚೂರು ಕಣೇ." ಅದು ಮಾವನ ದನಿ, ಅವತ್ತಿನದು.

ಟಪ್. ಟಪ್. ಅತ್ತೆ ಏನನ್ನೋ ಗೊಣಗಿದರು. ಸ್ವರ ಮಾತ್ರ ಬಿಡಲಿಲ್ಲ. ಎದುರಿಗೆ ಕೂತಿದ್ದ ಮಾವನ ತುಟಿ "ಇನ್ನೊಂಚೂರು" ಎಂದು ಅಲುಗಿದ್ದನ್ನು ನಾನು ನೋಡಿದೆ. ಇದ್ದಕ್ಕಿದ್ದಂತೆ ಅತ್ತೆ ಇಡೀ ಮನೆಗೆ ಕೇಳುವ ಹಾಗೆ ಕೂಗಿದರು:

"ಪುಟ್ಟೀ! ಸಾರು ಉಕ್ತಾ ಇದೆ, ಒಲೆ ಆರ್ಸೇ!"

ಗೋಡೆಯಾಚೆ ಅಡುಗೆಮನೆಯಲ್ಲಿ ಟಕ್ಕೆಂದು ಒಲೆ ಆರಿದ ಸದ್ದಾಯಿತು.

"ಆರ್ಸಿದೆ ಕಣಮ್ಮಾ!" ಎಂದಳು ಪುಟ್ಟಿ.

ಆಲ್ಬಂ ಮುಗಿದಿತ್ತು. ಮಾವನೂ ನಾನೂ ಬಾಗಿಲ ಕಡೆ ನೋಡುತ್ತಾ ಕೂತೆವು. ತುಸು ಹೊತ್ತಿನ ಮೇಲೆ ಪುಟ್ಟಿ ಬಂದು ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಸೌಟು ಹಾಗೇ ಇತ್ತು, ಅದರಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಳಗೆ ಬಂದು ನನ್ನ ಪಕ್ಕ ಕೂತು, ಸೌಟು ಪಕ್ಕಕ್ಕಿಟ್ಟು, ಅವರೆಕಾಳಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮೊದ್ಲಿಂದ ಹಾಕಪ್ಪ" ಎಂದಳು.

"ಕೊನೇವರ್ಗೂ ಕೂತ್ಕೋತೀಯಾ?"

"ಹೂಂ ಕಣಪ್ಪ."

ಮಾವ ಮತ್ತೆ ಮೊದಲಿನಿಂದ ಹಾಕಿದರು. ಉಳಿದ ಕಾಳುಗಳನ್ನು ನಾವಿಬ್ಬರೂ ಹಿತುಕುತ್ತಾ ಕೂತೆವು. ಟಪ್, ಟಪ್ ಎಂದು ಬೇಳೆ ಬೀಳುತ್ತಿತ್ತು. ಅದರಲ್ಲಿ ಯಾವುದು ನನ್ನ ಕೈಯದು, ಯಾವುದು ಪುಟ್ಟಿಯದು, ಯಾವುದು ಅತ್ತೆಯದು ಎಂದು ಬೇರ್ಪಡಿಸಲು ನಮಗೆ ಯಾರಿಗೂ ಆಗಲಿಲ್ಲ.